ಅಳಲೆಕಾಯಿಯ ಒಗರು ಖಾದಿಗೇಕೆ ಬೇಕು?

ಬೆಂಗೇರಿಯ ಬಿಳಿ ಖಾದಿಯನ್ನು ಕೆಂಪು ಬಣ್ಣ ಕೊಡುವ ಮಂಜಿಷ್ಠದ ಬೇರಿನ ನೀರಲ್ಲಿ ಎಷ್ಟು ಕುದಿಸಿದರೂ ನಾಲ್ಕು ಸಲ ಒಗೆಯುವಷ್ಟರಲ್ಲಿ ಬಣ್ಣ ಪೇಲವ. ತುರಟಿ, ಅಂದರೆ ಪಟಕ ಬೆರೆಸಿದರೂ ಅಷ್ಟಕ್ಕಷ್ಟೆ. ಬಣ್ಣವನ್ನು ಎಳೆಗೆ ಹಿಡಿದಿಡುವುದು ತುರಟಿಯಲ್ಲಿರುವ ಅಲ್ಯೂಮಿನಿಯಂ ಲೋಹ. ಉಣ್ಣೆ, ರೇಷ್ಮೆ ಪ್ರೋಟೀನುಗಳು, ಲೋಹ ತಾನಾಗಿ ಅಂಟುತ್ತದೆ. ಹತ್ತಿ ಬರೀ ಸೆಲ್ಯುಲೋಸ್. ಅಲ್ಲಿ ಅಲ್ಯೂಮಿನಿಯಂ ನಿಲ್ಲಬೇಕಾದರೆ ನಡುವೆ ಟ್ಯಾನಿನ್, ಅಂದರೆ ಗಿಡಗಳ ಒಗರು ವಸ್ತು, ಬೇಕು. ಗ್ರಂಥಿಗೆ ಅಂಗಡಿಯ ಅಳಲೆಕಾಯಿಯಲ್ಲಿ ಅದು ಧಾರಾಳ.

ಟ್ಯಾನಿನ್ ಅಣುವಿನ ಸುತ್ತ ಹತ್ತಾರು ಹೈಡ್ರಾಕ್ಸಿಲ್ ಗುಂಪುಗಳು. ಕೆಲವು ಹತ್ತಿಯ ಎಳೆಗೆ ಹೈಡ್ರೋಜನ್ ಬಂಧದಿಂದ ಅಂಟುತ್ತವೆ, ಉಳಿದವು ಲೋಹವನ್ನು ಹಿಡಿಯುತ್ತವೆ. ಬಾಯಿ ಒಗರಾಗುವುದೂ ಇಂಥದೇ ಅಂಟಿನಿಂದ: ಜೊಲ್ಲಿನ ಪ್ರೋಟೀನು ಗರಣೆಗಟ್ಟಿ ನಾಲಿಗೆಯ ಜಾರುತನ ಹೋಗುತ್ತದೆ. ಚಹಾಕ್ಕೆ ಹಾಲು ಬಿದ್ದರೆ ಒಗರು ತಗ್ಗುವುದು ಹಾಲಿನ ಕೇಸಿನ್ ಆ ಏಟನ್ನು ತಾನು ತಿನ್ನುವುದರಿಂದ.

ಎಲ್ಲ ಟ್ಯಾನಿನ್ನೂ ಒಂದೇ ಅಲ್ಲ. ಅಳಲೆಯದು ಗ್ಲೂಕೋಸಿಗೆ ಗ್ಯಾಲಿಕ್ ಆಮ್ಲ ಮತ್ತದರ ಬಂಧುಗಳು ಕೂಡಿದ ಎಸ್ಟರ್. ನೀರು, ಆಮ್ಲ, ಕಿಣ್ವ ಅದನ್ನು ಸೀಳಬಲ್ಲವು. ಹಾನಗಲ್ಲಿನ ಅಡಿಕೆ, ಬಯಲಿನ ಜಾಲಿ ತೊಗಟೆಯಲ್ಲಿ ಹೆಚ್ಚಿನದು ಕಾರ್ಬನ್-ಕಾರ್ಬನ್ ಬಂಧದ ಸರಪಳಿ. ಅದು ಸುಲಭಕ್ಕೆ ಒಡೆಯದು, ಬಟ್ಟೆಗೆ ಕೆಂಪು ಛಾಯೆ ಬಿಡುತ್ತದೆ. ತಿಳಿ ಬಣ್ಣ ಬೇಕಾದರೆ ಅಳಲೆಯೇ ಸರಿ.

1 ಕೆಜಿ ಒಣ ಬಟ್ಟೆಗೆ ಲೆಕ್ಕ: ಮೊದಲು 20 ಗ್ರಾಂ ವಾಷಿಂಗ್ ಸೋಡಾ, ತುಸು ಸಾಬೂನು ಹಾಕಿ ತಾಸು ಕುದಿಸಿ ಗಂಜಿ, ಎಣ್ಣೆ ತೆಗೆಯಬೇಕು, ಇದನ್ನು ಬಿಟ್ಟರೆ ಬಣ್ಣ ತೇಪೆತೇಪೆ. ಬೀಜ ತೆಗೆದ ಅಳಲೆಯ ಪುಡಿ 200 ಗ್ರಾಂ, ಉಗುರುಬೆಚ್ಚಗಿನ 20 ಲೀಟರ್ ನೀರು, ರಾತ್ರಿಯಿಡೀ ನೆನೆ. ಹಿಂಡಿ ಒಣಗಿಸಿ, ಜಾಲಿಸಬೇಡಿ. ಆಮೇಲೆ 150 ಗ್ರಾಂ ತುರಟಿಯ ನೀರು.

ಅಳಲೆ ನೀರನ್ನು ವಾರ ಇಟ್ಟು ಬಳಸುವ ಉಳಿತಾಯ ಬೇಡ. ಬೂಷ್ಟು ಟ್ಯಾನಿನ್ನನ್ನು ಗ್ಯಾಲಿಕ್ ಆಮ್ಲವಾಗಿ ಸೀಳುತ್ತದೆ. ಆ ಪುಟ್ಟ ಅಣು ಎಳೆಯಲ್ಲಿ ನಿಲ್ಲದು. ಕಬ್ಬಿಣದ ಬಕೆಟ್ಟೂ ಬೇಡ, ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಪ್ಪೇ ಬೇಕೆಂದರೆ ತುರಟಿಯ ಬದಲು ಅನ್ನಭೇದಿ (ಕಬ್ಬಿಣದ ಲವಣ) 20 ಗ್ರಾಂ ಸಾಕು. ಗಾಳಿ ತಾಗಿದಷ್ಟೂ ಕಬ್ಬಿಣ ಆಕ್ಸಿಡೀಕರಣಗೊಂಡು ಕಪ್ಪು ಏರುತ್ತದೆ. ಜಾಸ್ತಿ ಸುರಿದರೆ ಕಬ್ಬಿಣವೇ ಎಳೆಯನ್ನು ತಿಂದು, ಬಟ್ಟೆ ಬೇಗ ಪಿಸಿಯುತ್ತದೆ.

ಬೋರ್‌ವೆಲ್ ನೀರಿನ ಮೇಲೆ ಅನುಮಾನವಿದ್ದರೆ ಮೊದಲು ಒಂದು ಲೋಟಕ್ಕೆ ಚಿಟಿಕೆ ಅಳಲೆ ಪುಡಿ ಹಾಕಿ ನೋಡಿ. ನೀರು ಹಳದಿಯಾಗದೆ ಮಸಿಯಾದರೆ ಅದರಲ್ಲಿ ಕಬ್ಬಿಣವಿದೆ. ಬೇರೆ ನೀರು ತನ್ನಿ.