ದೃಶ್ಯ ಪರಿಣಾಮ: ಎದುರಿನ ಗುಡ್ಡದಲ್ಲಿ ಮನೆ ಎದ್ದಾಗ

ಎದುರಿನ ಗುಡ್ಡದಲ್ಲಿ ನಾಲ್ಕೈದು ಮನೆ ಬರುತ್ತವಂತೆ ಅನ್ನೋ ಸುದ್ದಿ ಹಬ್ಬಿದ ಕೂಡಲೇ ಕೆಳಗೆ ವಾಸಿಸುವವರು 'ಗುಡ್ಡ ಹಾಳಾಗುತ್ತೆ' ಎನ್ನುತ್ತಾರೆ. ಕಟ್ಟುವವರ ಕಿವಿಗೆ ಅದು ಹೊಟ್ಟೆಕಿಚ್ಚಿನ ಮಾತಿನಂತೆ ಕೇಳುತ್ತದೆ. ಜಾಗ ನಮ್ಮದು, ದುಡ್ಡು ನಮ್ಮದು, ಇವರಿಗೇನು ಕಷ್ಟ ಅಂತ. ಆ ಕಷ್ಟಕ್ಕೆ ಒಂದು ಹೆಸರಿದೆ: ದೃಶ್ಯ ಪರಿಣಾಮ.

ಹೊಸ ಕಟ್ಟಡದಿಂದ ಜನ ದಿನಾ ನೋಡುವ ನೋಟ ಎಷ್ಟು ಬದಲಾಗುತ್ತದೆ, ಆ ಬದಲಾವಣೆ ನೋಡುವವರಿಗೆ ಎಷ್ಟು ತಟ್ಟುತ್ತದೆ ಅನ್ನೋದೇ ಇದರ ಅರ್ಥ. ಕಾರಿನಲ್ಲಿ ಹಾದುಹೋಗುವವರಿಗೆ ಅದು ಎರಡು ಕ್ಷಣದ ನೋಟ. ಅಡುಗೆಮನೆಯ ಕಿಟಕಿಯಿಂದ ಮೂವತ್ತು ವರ್ಷ ಅದೇ ಗುಡ್ಡ ನೋಡಿದವರಿಗೆ ಹಾಗಲ್ಲ. ಹಾಗಾಗಿ ಕಟ್ಟಡ ಎಷ್ಟು ದೊಡ್ಡದು ಅಂತ ಮಾತ್ರ ಕೇಳಿದರೆ ಸಾಲದು. ಯಾರು, ಎಲ್ಲಿಂದ, ಎಷ್ಟು ಹೊತ್ತು ನೋಡುತ್ತಾರೆ ಅನ್ನೋದೂ ಲೆಕ್ಕಕ್ಕೆ ಬರಬೇಕು.

ಇದನ್ನು 'ನನ್ನ ನೋಟದ ಹಕ್ಕು' ಜೊತೆ ಬೆರೆಸಬಾರದು. ಅಲ್ಲೇ ಬಹಳ ಜನ ಎಡವುತ್ತಾರೆ. 1610ರಲ್ಲಿ ಇಂಗ್ಲೆಂಡಿನಲ್ಲಿ ಆಲ್ಡ್ರೆಡ್ ಎಂಬಾತ ಪಕ್ಕದವನ ಹಂದಿಗೂಡಿನ ವಾಸನೆ ತಡೆಯಲಾರದೆ ನ್ಯಾಯಾಲಯಕ್ಕೆ ಹೋದ, ಗೆದ್ದ. ಅದೇ ತೀರ್ಪಿನಲ್ಲಿ ನೋಟದ ಮಾತೂ ಬಂತು: ಒಳ್ಳೆಯ ನೋಟ ಸಂತೋಷಕ್ಕೆ ಸೇರಿದ್ದು, ಅಗತ್ಯವಲ್ಲ, ಅದು ಮುಚ್ಚಿಹೋದರೆ ದಾವೆ ಹೂಡಲಾಗದು. ಆ ಕಾನೂನು ಪರಂಪರೆ ಬೆಳೆದ ಕಡೆಯೆಲ್ಲ ಈ ವಿಚಾರ ಇಂದಿಗೂ ಬಲವಾಗಿ ಉಳಿದಿದೆ. ಎಲ್ಲರೂ ನೋಡುವ ನೋಟದ ಕಥೆ ಬೇರೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ದೂರದಿಂದ ಕಾಣುತ್ತಲೇ ಇರಬೇಕು ಅಂತ 1930ರ ದಶಕದಿಂದಲೂ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಇದೆ. ಅಂದರೆ 'ನನ್ನ ಕಿಟಕಿ' ಅನ್ನುವ ಮಾತಿಗಿಂತ 'ರಸ್ತೆಯಿಂದ, ಮೈದಾನದಿಂದ, ಕಾಲುದಾರಿಯಿಂದ ಎಲ್ಲರಿಗೂ ಕಾಣುವ ಗುಡ್ಡ' ಅನ್ನುವ ಮಾತಿಗೆ ತೂಕ ಜಾಸ್ತಿ.

ಸಮತಟ್ಟು ನೆಲದಲ್ಲಿ ಒಂದು ಮನೆಯನ್ನು ಮುಂದಿನ ಮನೆ ಮರೆ ಮಾಡುತ್ತದೆ. ಇಳಿಜಾರಿನಲ್ಲಿ ಮರೆಯೇ ಇಲ್ಲ, ಮೆಟ್ಟಿಲ ಮೇಲೆ ಕೂತ ಜನರ ಹಾಗೆ ಎಲ್ಲವೂ ಕಾಣುತ್ತವೆ. ಎತ್ತರವೂ ಮೋಸ ಮಾಡುತ್ತದೆ. ನಕ್ಷೆಯಲ್ಲಿ ಎರಡು ಅಂತಸ್ತು ಅಂತ ಇರುತ್ತದೆ. ಮೇಲ್ಬದಿಯ ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು. ಕೆಳಗಿನಿಂದ ನೋಡಿದವರಿಗೆ ಮಾತ್ರ ಮಣ್ಣು ತಡೆಯುವ ಗೋಡೆ, ಕಂಬಗಳು, ಅದರ ಮೇಲೆ ಮನೆ, ಎಲ್ಲ ಸೇರಿ ನಾಲ್ಕು ಅಂತಸ್ತಿನ ಗೋಡೆಯೇ ಎದುರಾಗುತ್ತದೆ. ಎತ್ತರವನ್ನು ಮೂಲ ನೆಲಮಟ್ಟದಿಂದ ಅಳೆದಿದ್ದಾರಾ, ಮಣ್ಣು ತುಂಬಿಸಿದ ಮೇಲಿನ ಮಟ್ಟದಿಂದಲಾ? ನಾನಾಗಿದ್ದರೆ ಮೊದಲು ಕೇಳುವ ಪ್ರಶ್ನೆ ಇದು.

ಇನ್ನೊಂದು, ಗುಡ್ಡದ ನೆತ್ತಿ. ನೆತ್ತಿಯ ಮೇಲೆ ಕೂತ ಮನೆಯ ಹಿಂದೆ ಬರೀ ಆಕಾಶ. ಹಾಗಾಗಿ ಅದರ ಅಂಚು ಚಾಕುವಿನಿಂದ ಕೊರೆದಂತೆ ಎದ್ದು ಕಾಣುತ್ತದೆ. ಅದೇ ಮನೆ ಸ್ವಲ್ಪ ಕೆಳಗಿಳಿದರೆ ಬೆನ್ನಿಗೆ ಮಣ್ಣು, ಮರ ಇರುತ್ತವೆ, ಕಣ್ಣು ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಬಣ್ಣದ್ದೂ ಹೀಗೇ. ಬಣ್ಣ ಎಷ್ಟು ಬೆಳಕು ವಾಪಸ್ ಎಸೆಯುತ್ತದೆ ಅನ್ನೋದಕ್ಕೆ 0ಯಿಂದ 100ರ ಅಳತೆ ಇದೆ. 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳಿ. ಸುಣ್ಣದ ಬಿಳಿ ಗೋಡೆ ಹಸಿರು ಗುಡ್ಡದಲ್ಲಿ ಹಲ್ಲಿನ ಹಾಗೆ ಹೊಳೆಯುತ್ತದೆ, ಮಣ್ಣುಬಣ್ಣ ಕರಗಿಹೋಗುತ್ತದೆ. ದೊಡ್ಡ ಗಾಜಿನ ಗೋಡೆ ಸಂಜೆ ಬಿಸಿಲನ್ನು ಕಣಿವೆಗೆ ಎಸೆಯುತ್ತದೆ, ರಾತ್ರಿ ಅದೇ ದೀಪದ ಪೆಟ್ಟಿಗೆ.

ಕಟ್ಟುವ ಮೊದಲೇ ಇದನ್ನು ನೋಡೋದು ಹೇಗೆ? ಸ್ವಿಟ್ಜರ್ಲೆಂಡಿನಲ್ಲಿ ಅನುಮತಿ ಕೇಳುವಾಗಲೇ ಜಾಗದಲ್ಲಿ ಕಂಬ ನೆಟ್ಟು ಕಟ್ಟಡದ ಆಕಾರ ತೋರಿಸುವ ಪದ್ಧತಿ ಇದೆ. ಕ್ಯಾಲಿಫೋರ್ನಿಯಾದ ಹಲವು ಗುಡ್ಡದ ಊರುಗಳಲ್ಲೂ ಇದೆ, ಅಲ್ಲಿ ಇದಕ್ಕೆ ಸ್ಟೋರಿ ಪೋಲ್ ಅಂತಾರೆ. ನಾಲ್ಕು ಮೂಲೆಗೆ ಕಂಬ, ಛಾವಣಿಯ ತುದಿಗೆ ಇನ್ನೊಂದು, ಅವುಗಳ ನಡುವೆ ಕಿತ್ತಳೆ ಬಣ್ಣದ ಪಟ್ಟಿ. ಗಾಳಿಗೆ ಪಟ್ಟಿ ಪಟಪಟ ಅನ್ನುತ್ತದೆ. ಕೆಳಗೆ ನಿಂತು ನೋಡಿದರೆ ಆ ಗೆರೆ ಗುಡ್ಡದ ನೆತ್ತಿಯ ಮೇಲಿದೆಯೋ ಕೆಳಗಿದೆಯೋ ಮಗುವಿಗೂ ಗೊತ್ತಾಗುತ್ತದೆ. ನಕ್ಷೆ ಓದಲು ಬಾರದವರಿಗೂ ಮಾತಾಡಲು ಇದರಿಂದ ದಾರಿ ಸಿಗುತ್ತದೆ, ಅದಕ್ಕೇ ನನಗೆ ಈ ಪದ್ಧತಿ ಬಹಳ ಇಷ್ಟ.

ಕಂಪ್ಯೂಟರಿನಲ್ಲಿ ಮನೆ ಕೂರಿಸಿದ ಫೋಟೋ ತೋರಿಸಿದರೆ ಸ್ವಲ್ಪ ಹುಷಾರು. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವಲ್ವಾ? ಅಗಲ ಲೆನ್ಸಿನಲ್ಲಿ ತೆಗೆದರೆ ಹತ್ತಿರದ ಬೆಟ್ಟವೂ ದೂರ ಸರಿದು ನುಣ್ಣಗಾಗುತ್ತದೆ, ಅದರ ಮೇಲಿನ ಮನೆಯೂ ಪುಟ್ಟದಾಗುತ್ತದೆ. ಬ್ರಿಟನ್ನಿನಲ್ಲಿ ಇಂಥ ಚಿತ್ರಗಳಿಗೆ ಸಾಮಾನ್ಯವಾಗಿ ಫುಲ್ ಫ್ರೇಮ್ (ಹಳೆಯ ಫಿಲ್ಮ್ ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 50 ಮಿಲಿಮೀಟರ್ ಲೆನ್ಸ್ ಬಳಸುತ್ತಾರೆ, ಅದರಲ್ಲಿ ಬೆಟ್ಟ ಹೀಗೆ ದೂರ ಸರಿದಂತೆ ಕಾಣುವುದಿಲ್ಲ. ಗಿಡ ನೆಟ್ಟು ಮರೆ ಮಾಡುತ್ತೇವೆ ಅಂದರೆ ಮೊದಲ ವರ್ಷದ ಚಿತ್ರವನ್ನೂ 15ನೇ ವರ್ಷದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ತೋರಿಸೋದು ಅಲ್ಲಿ ರೂಢಿ. ನಡುವಿನ ಅಷ್ಟೂ ವರ್ಷ ನೆರೆಯವರು ಬರೀ ಗೋಡೆಯನ್ನೇ ನೋಡಿಕೊಂಡಿರಬೇಕಲ್ಲ.

ಅನುಮತಿ ಕೊಡುವವರಿಗೆ ಆಕ್ಷೇಪ ಬರೆಯುವಾಗ ಸುಮ್ನೆ 'ಚೆನ್ನಾಗಿ ಕಾಣಲ್ಲ' ಅಂತ ಬರೆದರೆ ಪಕ್ಕಕ್ಕಿಡುತ್ತಾರೆ. ಹೀಗೆ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ: 'ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಮೂರನೇ ಮನೆಯ ಛಾವಣಿ ಗುಡ್ಡದ ನೆತ್ತಿ ದಾಟುತ್ತದೆ. ಅದನ್ನು ಇಳಿಜಾರಿನಲ್ಲಿ ಕೆಳಗೆ ಸರಿಸಲು ಆಗುತ್ತದೆಯೇ? ಕಂಬ ನೆಟ್ಟು ತೋರಿಸಿ.'