ಹಬ್ಬದ ಮರುದಿನ ಅಂಗಳದಲ್ಲಿ ಉಳಿಯುವ ಹೂವು

ಓಣಂ ಮುಗಿದ ಮರುದಿನ ಬೆಳಗ್ಗೆ ಪೂಕಳಂ ಎಂಬ ಹೂವಿನ ರಂಗೋಲಿಯನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕುವುದು ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಹಲವು ಮನೆಗಳಲ್ಲಿ ನಾನು ಕಂಡ ರೂಢಿ. ಆ ರಾಶಿಯಲ್ಲಿ ಚೆಂಡುಹೂ, ದಾಸವಾಳ, ಕೇಪಳ ಮಾತ್ರ ಇದ್ದರೆ ಪಶುವೈದ್ಯನಾದ ನನಗೆ ಚಿಂತೆಯಿಲ್ಲ. ಅದರೊಳಗೆ ಕಣಗಿಲೆಯ ಗೆಲ್ಲೊಂದು ಸೇರಿದ್ದರೆ ಸುಮ್ಮನಿರಲಾಗುವುದಿಲ್ಲ.

ಕಣಗಿಲೆಯನ್ನು ಮಲಯಾಳದಲ್ಲಿ ಅರಳಿ ಎನ್ನುತ್ತಾರೆ. ಅದು ನಮ್ಮ ಅರಳಿಮರವಲ್ಲ. ಇದರ ಎಲೆ, ಹೂ, ತೊಗಟೆ ಎಲ್ಲದರಲ್ಲಿಯೂ ಹೃದಯದ ಬಡಿತವನ್ನು ತಪ್ಪಿಸುವ ವಿಷವಿದೆ. 2024ರ ಮೇ ತಿಂಗಳಲ್ಲಿ ಕೇರಳದ ದೇವಸ್ಥಾನಗಳ ಆಡಳಿತ ನೋಡುವ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಬೋರ್ಡ್‌ಗಳು ನೈವೇದ್ಯ, ಪ್ರಸಾದಗಳಲ್ಲಿ ಈ ಹೂವಿನ ಬಳಕೆಯನ್ನು ನಿಲ್ಲಿಸಿದ್ದು ಓದುಗರಿಗೆ ನೆನಪಿರಬಹುದು. ಹಸಿ ಎಲೆ ಕಹಿಯಾಗಿರುವುದರಿಂದ ದನಗಳು ಸಾಮಾನ್ಯವಾಗಿ ಮೂಸಿ ಬಿಡುತ್ತವೆ. ಆದರೆ ಬಾಡಿ ಹುಲ್ಲಿನೊಡನೆ ಬೆರೆತ ಎಲೆಯನ್ನು ಕರು ಗೊತ್ತಿಲ್ಲದೆ ತಿಂದುಬಿಡುತ್ತದೆ, ಒಣಗಿದ ಮಾತ್ರಕ್ಕೆ ವಿಷ ಇಳಿಯುವುದೂ ಇಲ್ಲ. ಕಡಿದ ಗೆಲ್ಲುಗಳನ್ನು ಹಟ್ಟಿಯಿಂದ ದೂರದಲ್ಲಿ ಆಳವಾದ ಹೊಂಡ ತೆಗೆದು ಮುಚ್ಚಬೇಕು. ಸುಡುವುದು ಬೇಡ, ಹೊಗೆಯೂ ಅಪಾಯಕಾರಿ.

ಬೇಲಿಯಲ್ಲಿ ಅರಳುವ ಗೌರಿ ಹೂವಿನ ಗಡ್ಡೆಯೂ ಅಷ್ಟೇ ಘಾತಕ. ಮಣ್ಣು ಕೆದಕುವ ನಾಯಿಯಿದ್ದರೆ ಗಮನವಿರಲಿ.

ಕ್ರಿಸ್‌ಮಸ್ ಹೊತ್ತಿಗೆ ಹೂದಾನಿಗೆ ಬರುವ ಲಿಲ್ಲಿ ಬೆಕ್ಕಿನ ಪಾಲಿಗೆ ಇನ್ನೂ ಕ್ರೂರ. ಒಮ್ಮೆ ನನ್ನ ಮೇಜಿನ ಮೇಲೆ ಮಲಗಿಸಿದ ಬೆಕ್ಕಿನ ಮೀಸೆಯಲ್ಲಿ ಕಿತ್ತಳೆ ಬಣ್ಣದ ಪುಡಿ ಅಂಟಿತ್ತು. ಎರಡು ದಿನಗಳ ಹಿಂದೆ ವಾಂತಿಯಾದಾಗ, ಕೂದಲು ನುಂಗಿರಬೇಕೆಂದು ಮನೆಯವರು ಭಾವಿಸಿದ್ದರು. ಅವರ ತಪ್ಪೇನೂ ಇರಲಿಲ್ಲ, ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಅಷ್ಟರಲ್ಲಿ ಮೂತ್ರ ನಿಂತಿತ್ತು, ಬೆಕ್ಕು ಉಳಿಯಲಿಲ್ಲ. ಎಲೆಯನ್ನು ಕಡಿಯಬೇಕೆಂದೇ ಇಲ್ಲ, ಮೈಗೆ ಬಿದ್ದ ಪರಾಗವನ್ನು ನೆಕ್ಕಿದರೂ, ಹೂದಾನಿಯ ನೀರನ್ನು ಕುಡಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು. ಮೊದಲ 18 ಗಂಟೆಗಳೊಳಗೆ ಡ್ರಿಪ್ ಆರಂಭಿಸಿದರೆ ಉಳಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಬೆಕ್ಕಿರುವ ಮನೆಗೆ ಲಿಲ್ಲಿ ತರಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲರೂ ಹೆದರುವ ಕೆಂಪೆಲೆಯ ಪಾಯಿನ್‌ಸೆಟಿಯಾ ಇಷ್ಟು ಕೆಟ್ಟದ್ದಲ್ಲ. ಅದರ ಹಾಲು ತಾಗಿದರೆ ಬಾಯಿ ಉರಿದು ಜೊಲ್ಲು ಸುರಿಯಬಹುದು, ಹೆಚ್ಚೆಂದರೆ ವಾಂತಿಯಾದೀತು.

ಏನಾದರೂ ತಿಂದದ್ದು ಕಂಡರೆ ಹಾಲು ಕುಡಿಸುವುದಾಗಲಿ, ಉಪ್ಪುನೀರು ಕೊಟ್ಟು ವಾಂತಿ ಮಾಡಿಸುವುದಾಗಲಿ ಬೇಡ. ಬಾಯಲ್ಲಿ ಉಳಿದ ಚೂರನ್ನು ತೆಗೆದು, ತಿಂದ ಗಿಡದ ಒಂದು ಗೆಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು, ಲಕ್ಷಣಗಳಿಗೆ ಕಾಯದೆ ಪ್ರಾಣಿಯೊಂದಿಗೆ ಆಸ್ಪತ್ರೆಗೆ ಬನ್ನಿ.