ಜ್ವರ ನೋಡುವ ಮೊದಲು ಉಸಿರು ಎಣಿಸಿ

ಬೆಂಗಳೂರಿನಲ್ಲಿ ಜುಲೈ ಜಡಿಮಳೆ ಹಿಡಿದರೆ ನನ್ನ ಕ್ಲಿನಿಕ್ ತುಂಬ ಕೆಮ್ಮು. ಹೆಚ್ಚಿನವರದ್ದು ಬರೀ ನೆಗಡಿ, ಗಂಟಲು ಕೆರೆತ. ತಾನಾಗಿಯೇ ಹೋಗುತ್ತದೆ. ಆ ಸಾಲಿನಲ್ಲಿ ಉಸಿರು ಜೋರಾಗಿರುವವರು ಯಾರು ಅಂತ ನನ್ನ ಕಣ್ಣು ಹುಡುಕುತ್ತಿರುತ್ತದೆ.

ಹೋದ ವರ್ಷ ಬಸವನಗುಡಿಯಿಂದ ಒಬ್ಬ ಅಜ್ಜಿಯನ್ನು ಕರೆತಂದರು. ಜ್ವರ ಇಲ್ಲ, ಕೆಮ್ಮೂ ಅಷ್ಟಕ್ಕಷ್ಟೇ. "ಎರಡು ದಿನದಿಂದ ಊಟ ಬೇಡ ಅಂತಾರೆ, ರಾತ್ರಿ ಏನೇನೋ ಮಾತಾಡಿದ್ರು" ಎಂದರು ಸೊಸೆ. ಅರಳುಮರಳು ಅಂತ ಮನೆಯವರು ಸುಮ್ನಿದ್ದರು. ಶಾಲು ಸರಿಸಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 32, ತೀರಾ ಜಾಸ್ತಿ. ಆಕ್ಸಿಮೀಟರ್‌ನಲ್ಲಿ ಆಕ್ಸಿಜನ್ 88, ತೀರಾ ಕಡಿಮೆ. ಬೆನ್ನಿಗೆ ಸ್ಟೆತ್ ಇಟ್ಟರೆ ಬಲಗಡೆ ಕೆಳಗೆ, ಕಿವಿಯ ಹತ್ತಿರ ಕೂದಲು ಉಜ್ಜಿದಂಥ ಚರಚರ ಸದ್ದು. ನ್ಯುಮೋನಿಯಾ. ವಯಸ್ಸಾದವರಲ್ಲಿ ಇದು ಹೀಗೇ, ಜ್ವರದ ಸುಳಿವೇ ಕೊಡದೆ ಬರಬಹುದು.

ನಮ್ಮ ಶ್ವಾಸಕೋಶದಲ್ಲಿ 30 ಕೋಟಿಗೂ ಜಾಸ್ತಿ ಪುಟ್ಟ ಗಾಳಿಚೀಲಗಳಿವೆ. ಸೋಂಕು ತಗುಲಿದರೆ ಗಾಳಿ ಇರಬೇಕಾದ ಕಡೆ ಕೀವು, ನೀರು ತುಂಬಿಕೊಳ್ಳುತ್ತದೆ. ಆಕ್ಸಿಜನ್ ರಕ್ತಕ್ಕೆ ದಾಟುವುದಿಲ್ಲ. ಆ ಕೊರತೆ ತುಂಬಲು ದೇಹ ಬೇಗಬೇಗ ಉಸಿರಾಡುತ್ತದೆ. ಒಂದೇ ಭಾಗ ಗಟ್ಟಿಯಾದರೆ ಲೋಬಾರ್ ನ್ಯುಮೋನಿಯಾ. ಅಲ್ಲಲ್ಲಿ ಚದುರಿದರೆ ಬ್ರಾಂಕೋನ್ಯುಮೋನಿಯಾ, ಮಕ್ಕಳಲ್ಲೂ ಮುದುಕರಲ್ಲೂ ಇದು ಜಾಸ್ತಿ.

ಬ್ಯಾಕ್ಟೀರಿಯಾಗಳಲ್ಲಿ ನ್ಯುಮೋಕಾಕಸ್ ಮುಖ್ಯವಾದದ್ದು. ಚಳಿ ನಡುಗಿಸಿ ಜ್ವರ, ತುಕ್ಕು ಬಣ್ಣದ ಕಫ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುವ ನೋವು ಇದರ ಲಕ್ಷಣ. ಮೈಕೋಪ್ಲಾಸ್ಮಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ತಗುಲಿದವರು ಒಣಕೆಮ್ಮಿನಲ್ಲೇ ಕಾಲೇಜು, ಆಫೀಸು ಅಂತ ಓಡಾಡಿಕೊಂಡಿರುತ್ತಾರೆ. ಫ್ಲೂ, ಆರ್‌ಎಸ್‌ವಿ (ಪುಟ್ಟ ಮಕ್ಕಳನ್ನು ಹೆಚ್ಚು ಕಾಡುವ ಉಸಿರಾಟದ ವೈರಸ್), ಕೊರೊನಾ ವೈರಸ್‌ಗಳಿಂದಲೂ ನ್ಯುಮೋನಿಯಾ ಬರುತ್ತದೆ. ಪಾರ್ಶ್ವವಾಯು ಆದವರಿಗೆ ಮಲಗಿಸಿ ಗಂಜಿ ಕುಡಿಸಿದಾಗ ಅದು ಶ್ವಾಸನಾಳಕ್ಕೆ ಇಳಿದೂ ಆಗುತ್ತದೆ. ದಯವಿಟ್ಟು ಕೂರಿಸಿಯೇ ತಿನ್ನಿಸಿ. ಆಸ್ಪತ್ರೆ ಸೇರಿ 48 ಗಂಟೆ ಕಳೆದ ಮೇಲೆ ಅಂಟುವ ನ್ಯುಮೋನಿಯಾ ಬೇರೆ, ಅದರ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಮೊಂಡು, ಔಷಧಕ್ಕೆ ಸುಲಭವಾಗಿ ಜಗ್ಗುವುದಿಲ್ಲ.

ಈ ಊರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ಕಾಟ, ಬಾಲ್ಕನಿಯ ಪಾರಿವಾಳ. ಅದರ ಹಿಕ್ಕೆಯ ಧೂಳಿಗೆ ಕೆಲವರ ಶ್ವಾಸಕೋಶ ಊದಿಕೊಳ್ಳುತ್ತದೆ. ನೋಡಲು ನ್ಯುಮೋನಿಯಾದಂತೆಯೇ ಇದ್ದರೂ ಅದು ಅಲರ್ಜಿ, ಆಂಟಿಬಯಾಟಿಕ್ ಕೆಲಸ ಮಾಡದು.

ನನಗೆ ನಿಜಕ್ಕೂ ಸಂಕಟ ಆಗುವುದು ಮೆಡಿಕಲ್ ಶಾಪ್‌ನಿಂದ ಮೂರು ಅಜಿತ್ರೊಮೈಸಿನ್ ಆಂಟಿಬಯಾಟಿಕ್ ಮಾತ್ರೆ ನುಂಗಿ ಬರುವವರನ್ನು ನೋಡಿದಾಗ. ವೈರಸ್ ಆದರೆ ಅದು ದಂಡ. ಬ್ಯಾಕ್ಟೀರಿಯಾ ಆದರೆ ಕೆಲವೊಮ್ಮೆ ಜ್ವರ ತಗ್ಗಿ, ಒಳಗೆ ರೋಗ ಹಾಗೇ ಉಳಿದು, ನನ್ನ ಹತ್ತಿರ ಬರುವುದು ತಡವಾಗುತ್ತದೆ. ಕೆಮ್ಮು ಎರಡು ವಾರ ದಾಟಿದರೆ ಟಿಬಿಗೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಮಕ್ಕಳಿಗೆ ನ್ಯುಮೋಕಾಕಸ್ ತಡೆಯುವ ಪಿಸಿವಿ ಲಸಿಕೆಯೂ ಅಲ್ಲಿ ಉಚಿತ. 6 ವಾರ, 14 ವಾರ, 9 ತಿಂಗಳಿಗೆ. ತಪ್ಪಿಸಬೇಡಿ.

ಮಗುವಿಗೆ ಕೆಮ್ಮಿದ್ದರೆ, ಅದು ಮಲಗಿದ್ದಾಗ ಅಂಗಿ ಎತ್ತಿ, ಮೊಬೈಲ್‌ನಲ್ಲಿ ಒಂದು ನಿಮಿಷದ ಟೈಮರ್ ಇಟ್ಟುಕೊಂಡು ಹೊಟ್ಟೆ ಏರುವುದನ್ನು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ಅಥವಾ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ.